ಬೆನ್ನೆಲುಬಿನ ಬಿಲ್ಲೆಯೂ ಮೂಕಪ್ರಾಣಿಗಳೂ

ನಮ್ಮದು ಕಲಾ ಕಾಲೇಜು. ಕಪ್ಪೆಯನ್ನು ಕೊಯ್ದು ನೋಡುವ ಮೇಜಾಗಲಿ, ಸೀಸೆಯಲ್ಲಿ ಅದ್ದಿಟ್ಟ ಹಾವಾಗಲಿ ಇಲ್ಲಿಲ್ಲ. ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ನನ್ನಂಥವನು ಬೆನ್ನೆಲುಬಿನ ವಿಷಯವಾಗಿ ಬರೆಯಹೊರಟುದನ್ನು ಕಂಡು ಸಹಪಾಠಿಗಳು ನಗಬಹುದು; ಅಧ್ಯಾಪಕರು ಹುಬ್ಬೇರಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ.

ನಮ್ಮ ತಂದೆಯವರು ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ನಾನು ಮೊದಲನೆಯ ವರ್ಷದ ಬಿ. ಎ. ತರಗತಿಯಲ್ಲಿದ್ದಾಗ, ಒಂದು ದಿನ ಮೂಟೆಯೆತ್ತಲು ಬಗ್ಗಿದವರು ಹಾಗೆಯೇ ಕುಳಿತುಬಿಟ್ಟರು. ಸೊಂಟದಲ್ಲಿ ಎದ್ದ ನೋವು ತೊಡೆಯ ಹಿಂಭಾಗದಿಂದ ಇಳಿದು ಪಾದದವರೆಗೂ ಹರಿಯುತ್ತಿದ್ದಿತು. ಊರವರು 'ನರ ಹಿಡಿದಿದೆ' ಎಂದರು. ಉಳುಕು ತೆಗೆಯುವವರು ಎರಡು ಬಾರಿ ನೀವಿದರು. ಕೊನೆಗೆ ಎಂ. ಆರ್. ಐ. ಚಿತ್ರ ತೆಗೆಸಿದಾಗ, ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ 'ಡಿಸ್ಕ್' ಹೊರಕ್ಕೆ ಬಂದಿದೆಯೆಂದು ವೈದ್ಯರು ಹೇಳಿದರು. ಮನೆಯಲ್ಲಿ ಇಂಗ್ಲಿಷು ಬಲ್ಲವನು ನಾನೊಬ್ಬನೇ. ವರದಿಯನ್ನು ಓದಿದೆನು, ಆದರೆ ಅದರ ಅರ್ಥವನ್ನು ಅವರಿಗೆ ಹೇಳಲಾರದೆ ಹೋದೆನು. ಆ ನಾಚಿಕೆಯಿಂದಲೇ ಓದಲು ತೊಡಗಿದ್ದು. ಓದುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಮನುಷ್ಯನ ಬೆನ್ನಿನ ವಿಷಯ ತಿಳಿಯಬೇಕೆಂದು ಯಾವ ಬಾಗಿಲು ತಟ್ಟಿದರೂ, ತೆರೆದಾಗ ಎದುರಿಗೆ ಒಂದು ನಾಯಿಯೋ, ಮೊಲವೋ, ಕುರಿಯೋ, ಹಂದಿಯೋ ನಿಂತಿರುತ್ತಿದ್ದಿತು. ಅವು ನಮಗೆ ಏನನ್ನು ಹೇಳಿವೆ, ಏನನ್ನು ಹೇಳಲಾರವು ಎಂಬುದೇ ಈ ಲೇಖನದ ವಿಷಯ.

ಮೊದಲು ಬಿಲ್ಲೆಯೆಂದರೇನೆಂಬುದನ್ನು ನೋಡೋಣ. ನಮ್ಮ ಬೆನ್ನುಗಂಬವು ಒಂದರ ಮೇಲೊಂದು ಪೇರಿಸಿದ ಮಣಿಗಳಿಂದಾದುದು. ಮಣಿಮಣಿಗಳ ನಡುವೆ ಮೆತ್ತೆಯಂತೆ ಒಂದೊಂದು ಬಿಲ್ಲೆ. ಮನುಷ್ಯನಲ್ಲಿ ಇವು ಒಟ್ಟು ೨೩. ಇದರ ರಚನೆಯನ್ನು ತಿಳಿಯಲು ಹಬ್ಬದ ಕಡುಬನ್ನು ನೆನೆದರೆ ಸಾಕು. ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆತ್ತನೆಯ ಹೂರಣ. ಬಿಲ್ಲೆಯ ಕಣಕವು ನಾರಿನ ಅನೇಕ ಪದರಗಳಿಂದಾಗಿದೆ. ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ ಓರೆ, ಈಚಲ ಚಾಪೆಯ ಹೆಣಿಗೆಯ ಹಾಗೆ. ಹೂರಣವೆಂದರೆ ನೀರನ್ನು ಹೀರಿ ಉಬ್ಬಿ ನಿಂತಿರುವ ಲೋಳೆಯಂಥ ತಿರುಳು. ನೀರನ್ನು ಹಿಡಿದಿಡುವ ಶಕ್ತಿ ಈ ತಿರುಳಿನಲ್ಲಿರುವ, ಸಕ್ಕರೆಯ ಸರಪಣಿಗಳನ್ನು ಹೊತ್ತ ಕೆಲವು ದೊಡ್ಡ ಅಣುಗಳದು. ಹಗಲೆಲ್ಲ ಭಾರ ಹೊತ್ತು ನೀರು ಹಿಂಡಿಹೋಗಿ ಸಂಜೆಯ ಹೊತ್ತಿಗೆ ನಾವೆಲ್ಲರೂ ಸುಮಾರು ಒಂದು ಸೆಂಟಿಮೀಟರಿನಷ್ಟು ಗಿಡ್ಡರಾಗಿರುತ್ತೇವೆ. ರಾತ್ರಿ ಮಲಗಿದಾಗ ತಿರುಳು ಮತ್ತೆ ನೀರು ಕುಡಿಯುತ್ತದೆ.

ಈ ಬಿಲ್ಲೆಗೆ ಒಂದು ದೊಡ್ಡ ಬಡತನವುಂಟು. ಪ್ರಾಯಕ್ಕೆ ಬಂದವರ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳಿಂದ ಒಸರಿಬರುವ ಅಲ್ಪಸ್ವಲ್ಪ ಆಹಾರದಲ್ಲಿಯೇ ಅದರ ಜೀವಕಣಗಳು ಬದುಕಬೇಕು. ಅಂಗೈಗಾದ ಗಾಯ ವಾರದಲ್ಲಿ ಮಾಯುತ್ತದೆ. ಬಿಲ್ಲೆಗಾದ ಗಾಯವು ಹಾಗೆ ಮಾಯುವುದಿಲ್ಲ. 'ಡಿಸ್ಕ್ ಜಾರಿದೆ' ಎಂದು ನಾವು ಹೇಳುವುದೂ ಸರಿಯಲ್ಲ. ಬಿಲ್ಲೆ ಎಲ್ಲಿಗೂ ಜಾರುವುದಿಲ್ಲ. ಕಣಕ ಬಿರಿದು ಹೂರಣ ಹೊರಬರುತ್ತದೆ, ಅಷ್ಟೆ.

ಕಾಲಿನ ನೋವಿಗೂ ಸೊಂಟದ ಬಿಲ್ಲೆಗೂ ಇರುವ ಈ ಸಂಬಂಧವು ವೈದ್ಯಲೋಕಕ್ಕೆ ಸ್ಪಷ್ಟವಾದುದು ತೀರ ಈಚೆಗೆ. ಅದಕ್ಕೆ ಮೊದಲು, ಶಸ್ತ್ರವೈದ್ಯರು ಬೆನ್ನು ತೆರೆದಾಗ ನರದ ಬುಡದಲ್ಲಿ ಸಿಕ್ಕುತ್ತಿದ್ದ ಗಂಟನ್ನು ಮೃದ್ವಸ್ಥಿಯ ಗೆಡ್ಡೆಯೆಂದೇ ಬಗೆಯುತ್ತಿದ್ದರು. ೧೯೩೪ರಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬಿಬ್ಬರು, ಆ ಗಂಟು ಗೆಡ್ಡೆಯಲ್ಲ, ಬಿರಿದ ಬಿಲ್ಲೆಯ ಹೂರಣ ಎಂದು ಬರೆದರು. ಅಲ್ಲಿಂದ ಅದನ್ನು ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆ ಎಲ್ಲೆಡೆಯೂ ಹಬ್ಬಿತು. ಆದರೆ ಶಸ್ತ್ರವೈದ್ಯನಿಗೆ ಕಾಣುವುದು ಕಥೆಯ ಕೊನೆಯ ಪುಟ ಮಾತ್ರ. ಬಿಲ್ಲೆ ಯಾವಾಗ ಹಾಳಾಗತೊಡಗಿತು, ಮೊದಲು ಕಣಕವೋ ಹೂರಣವೋ ಎಂಬುದನ್ನರಿಯಲು ನಡುವಿನ ಪುಟಗಳು ಬೇಕು. ಬದುಕಿರುವ ಮನುಷ್ಯನ ಬಿಲ್ಲೆಯನ್ನು ತಿಂಗಳಿಗೊಮ್ಮೆ ತೆಗೆದು ನೋಡುವುದು ಸಾಧ್ಯವೇ? ಪ್ರಾಣಿಗಳ ಪ್ರವೇಶವಾದುದು ಇಲ್ಲಿ.

ಮೊದಲು ಬಂದುದು ನಾಯಿ, ಅದೂ ಪ್ರಯೋಗಕ್ಕಾಗಿ ಅಲ್ಲ, ತನ್ನದೇ ರೋಗವನ್ನು ಹೊತ್ತುಕೊಂಡು. ಡ್ಯಾಶ್‌ಹುಂಡ್ ಎಂಬ ಗಿಡ್ಡಗಾಲಿನ ಜರ್ಮನ್ ನಾಯಿಯನ್ನು ಚಿತ್ರಗಳಲ್ಲಿಯಾದರೂ ಎಲ್ಲರೂ ಕಂಡಿರಬಹುದು. ನಿನ್ನೆಯವರೆಗೂ ಓಡಾಡಿಕೊಂಡಿದ್ದ ಈ ನಾಯಿ ಒಂದು ಬೆಳಗ್ಗೆ ಹಿಂಗಾಲುಗಳನ್ನು ಎಳೆದುಕೊಂಡು ತೆವಳುವುದು ಅದರ ಒಡೆಯರಿಗೆಲ್ಲ ತಿಳಿದ ಸಂಕಟ. ೧೯೫೨ರಲ್ಲಿ ಸ್ವೀಡನ್ನಿನ ಪಶುವೈದ್ಯ ಹಾನ್ಸ್-ಯೋರ್ಗೆನ್ ಹಾನ್ಸೆನ್ ಎಂಬಾತನು ನಾಯಿಗಳ ಬಿಲ್ಲೆಗಳನ್ನು ಕುರಿತ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದನು. ಬಿಲ್ಲೆ ಕೆಡುವ ಬಗೆ ಎರಡು ಎಂದು ಅವನು ತೋರಿಸಿದನು. ಗಿಡ್ಡಗಾಲಿನ ತಳಿಗಳಲ್ಲಿ ಹುಟ್ಟಿದ ಒಂದು ವರ್ಷದೊಳಗೇ ತಿರುಳು ತನ್ನ ಲೋಳೆತನವನ್ನು ಕಳೆದುಕೊಂಡು ಮೃದ್ವಸ್ಥಿಯಾಗಿ, ಮುಂದೆ ಸುಣ್ಣಗಟ್ಟಿ, ಒಂದು ದಿನ ಕಡುಬು ಒಡೆದಂತೆ ಬಿರಿದು ಬೆನ್ನುಹುರಿಗೆ ಬಡಿಯುತ್ತದೆ. ಉಳಿದ ತಳಿಗಳಲ್ಲಿ ಮುಪ್ಪಿನ ಕಾಲದಲ್ಲಿ ಕಣಕ ಮೆಲ್ಲಮೆಲ್ಲನೆ ಉಬ್ಬಿಬರುತ್ತದೆ. ಹಾನ್ಸೆನ್ನನ ಒಂದನೆಯ ಬಗೆ, ಎರಡನೆಯ ಬಗೆ ಎಂದು ಪಶುವೈದ್ಯರು ಇಂದಿಗೂ ಹೇಳುವುದು ಇವನ್ನೇ.

ಉದ್ದ ಬೆನ್ನು, ಗಿಡ್ಡ ಕಾಲು, ಆದುದರಿಂದ ಬೆನ್ನು ಬಳುಕಿ ಬಿಲ್ಲೆ ಒಡೆಯುತ್ತದೆ ಎಂದು ಜನರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಕೇಳಲು ಚೆನ್ನಾಗಿದೆ, ಆದರೆ ಉದ್ದ ಬೆನ್ನಿಲ್ಲದ ಫ್ರೆಂಚ್ ಬುಲ್‌ಡಾಗಿಗೂ ಪೆಕಿನೀಸ್ ನಾಯಿಗೂ ಇದೇ ರೋಗ ಬರುತ್ತದೆಯಲ್ಲ! ಉತ್ತರ ದೊರೆತುದು ೨೦೧೭ರಲ್ಲಿ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾನಿಲಯದ ಸಂಶೋಧಕರು ಈ ತಳಿಗಳ ೧೨ನೆಯ ವರ್ಣತಂತುವಿನಲ್ಲಿ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಹೆಚ್ಚುವರಿ ನಕಲು ಸೇರಿಕೊಂಡಿರುವುದನ್ನು ಕಂಡುಹಿಡಿದರು. ಕಾಲನ್ನು ಗಿಡ್ಡಮಾಡುವುದರಲ್ಲಿಯೂ ಬಿಲ್ಲೆಯನ್ನು ಬಾಲ್ಯದಲ್ಲಿಯೇ ಮುದಿಯಾಗಿಸುವುದರಲ್ಲಿಯೂ ಆ ಒಂದು ನಕಲಿನ ಕೈವಾಡವಿದೆ. ಮುದ್ದಾಗಿ ಕಾಣುತ್ತದೆಯೆಂದು ಮನುಷ್ಯನು ತಲೆತಲಾಂತರದಿಂದ ಆ ಗಿಡ್ಡಗಾಲನ್ನೇ ಆರಿಸಿ ಆರಿಸಿ ಸಾಕಿದನು. ಅದರೊಡನೆ ರೋಗವನ್ನೂ ಸಾಕಿದನು. ಬೇಟೆಗೆಂದು ಸಾಕಿದ ನಮ್ಮ ಮುಧೋಳದ ನಾಯಿ ನೀಳಗಾಲಿನದು. ಈ ಒಂದು ವಿಷಯದಲ್ಲಿ ಅದು ಪುಣ್ಯವಂತ.

ಇನ್ನು ಮೊಲದ ಕಥೆ. ನಾನು ಓದಿದುದರಲ್ಲೆಲ್ಲ ನನಗೆ ಅತ್ಯಂತ ಹಿಡಿಸಿದುದು ಇದು. ಮಾಂಸ ಬೇಗ ಬೇಯಲೆಂದು ನಮ್ಮ ಕಡೆ ಪರಂಗಿಕಾಯಿಯ ಹೋಳು ಹಾಕುವುದುಂಟು. ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ವಸ್ತು ಮಾಂಸದ ಕಟ್ಟನ್ನು ಸಡಿಲಿಸುತ್ತದೆ. ಅಮೆರಿಕದ ವೈದ್ಯ ಲ್ಯೂಯಿಸ್ ಥಾಮಸ್ ಬೇರಾವುದೋ ಉದ್ದೇಶದಿಂದ ಅದನ್ನು ಮೊಲಗಳ ರಕ್ತನಾಳಕ್ಕೆ ಚುಚ್ಚಿದನು. ನೋಡುತ್ತಾನೆ, ನೆಟ್ಟಗಿದ್ದ ಕಿವಿಗಳು ಒದ್ದೆಬಟ್ಟೆಯಂತೆ ಜೋತುಬಿದ್ದಿವೆ! ಮೊಲವು ಆರೋಗ್ಯವಾಗಿಯೇ ಇದೆ. ಕೆಲವು ದಿನಗಳಲ್ಲಿ ಕಿವಿ ಮತ್ತೆ ಎದ್ದುನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕಣಗಳಲ್ಲಿ ಏನೂ ದೋಷವಿಲ್ಲ. ಕಾರಣ ತಿಳಿಯದೆ ಅವನು ಅದನ್ನು ಬದಿಗಿಟ್ಟನು. ಕೆಲವು ವರ್ಷಗಳ ಮೇಲೆ ವಿದ್ಯಾರ್ಥಿಗಳಿಗೆ ತೋರಿಸಲೆಂದು, ಚುಚ್ಚಿದ ಮೊಲದ ಕಿವಿಯನ್ನೂ ಚುಚ್ಚದ ಮೊಲದ ಕಿವಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಕೆಟ್ಟುದು ಜೀವಕಣಗಳಲ್ಲ, ಅವುಗಳ ನಡುವೆ ತುಂಬಿಕೊಂಡು ಮೃದ್ವಸ್ಥಿಯನ್ನು ಬಿಗಿಯಾಗಿಟ್ಟಿದ್ದ ವಸ್ತು. ೧೯೫೬ರಲ್ಲಿ ಇದು ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಪಾಠ ಹೇಳುವುದರಿಂದ ಅಧ್ಯಾಪಕರಿಗೂ ಲಾಭವುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಕಿವಿಯ ಮೃದ್ವಸ್ಥಿಯಲ್ಲಿ ಕರಗಿದ ಆ ವಸ್ತುವೇ ಬಿಲ್ಲೆಯ ತಿರುಳಿನಲ್ಲಿಯೂ ಹೇರಳವಾಗಿದೆ. ಇಲಿನಾಯ್ ಪ್ರಾಂತದ ಮೂಳೆವೈದ್ಯ ಲೈಮನ್ ಸ್ಮಿತ್ ಎಂಬುವನಿಗೆ ಹೊಳೆದುದು ಇಷ್ಟೆ: ಕತ್ತಿಯಿಂದ ಕೊಯ್ಯುವ ಬದಲು ಪರಂಗಿಯ ಹಾಲಿನಿಂದ ತಿರುಳನ್ನು ಕರಗಿಸಬಾರದೇಕೆ? ಅದೇ ಹಾಲಿನ ಇನ್ನೊಂದು ವಸ್ತುವಾದ ಕೈಮೊಪಪೇನನ್ನು ಮೊದಲು ಪ್ರಾಣಿಗಳ ಬಿಲ್ಲೆಗೆ ಚುಚ್ಚಿ ನೋಡಿದನು. ತಿರುಳು ಕರಗಿತು, ಕಣಕ ಉಳಿಯಿತು. ೧೯೬೩ರಲ್ಲಿ ಮನುಷ್ಯರಿಗೆ ಚುಚ್ಚಿದನು. ೧೯೬೪ರಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಮುಂದೆ ಈ ಔಷಧಿ ಕಂಡ ಏಳುಬೀಳುಗಳು ಒಂದು ಕಾದಂಬರಿಗೆ ಸಾಕು. ೧೯೭೫ರ ಅಮೆರಿಕದ ಪರೀಕ್ಷೆಯೊಂದರಲ್ಲಿ ಹುಸಿಮದ್ದಿಗಿಂತ ಇದು ಮೇಲಲ್ಲವೆಂದಾಯಿತು. ಆಮೇಲಿನ ಪರೀಕ್ಷೆಗಳಲ್ಲಿ ಮೇಲೆಂದಾಯಿತು. ೧೯೮೨ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಒಪ್ಪಿಗೆಯ ಬೆನ್ನಲ್ಲಿಯೇ ಅನಾಹುತಗಳ ಸುದ್ದಿ ಬಂದಿತು. ಕೆಲವರಿಗೆ ಮೈ ಒಗ್ಗದೆ ಪ್ರಾಣಕ್ಕೇ ಸಂಚಕಾರವಾಯಿತು. ಅತ್ಯಲ್ಪ ಮಂದಿಗೆ ಬೆನ್ನುಹುರಿ ಉರಿಗೊಂಡು ಕಾಲುಗಳ ಸ್ವಾಧೀನ ತಪ್ಪಿತು. ೨೦೦೩ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟವೇ ನಿಂತುಹೋಯಿತು. ಮೊಲ ಸುಳ್ಳು ಹೇಳಿರಲಿಲ್ಲ. 'ಇದು ತಿರುಳನ್ನು ಕರಗಿಸುವುದೇ?' ಎಂದು ಕೇಳಿದ್ದಕ್ಕೆ ಹೌದೆಂದಿತ್ತು. ಸಾವಿರಾರು ಮನುಷ್ಯರಲ್ಲಿ ಒಬ್ಬಿಬ್ಬರ ಮೈ ಹೇಗೆ ತಿರುಗಿಬೀಳುವುದು ಎಂಬ ಪ್ರಶ್ನೆಗೆ ಬೆರಳೆಣಿಕೆಯ ಮೊಲಗಳು ಉತ್ತರ ಹೇಳಬಲ್ಲುವೆ? ಆದರೂ ಆ ದಾರಿ ಮುಚ್ಚಿಲ್ಲ. ಸೂಕ್ಷ್ಮಜೀವಿಯೊಂದರಿಂದ ಪಡೆದ, ಪ್ರೋಟೀನನ್ನು ಮುಟ್ಟದೆ ಸಕ್ಕರೆಯ ಸರಪಣಿಯನ್ನು ಮಾತ್ರ ಕತ್ತರಿಸುವ ಕೊಂಡೋಲಿಯೇಸ್ ಎಂಬ ಔಷಧಿಗೆ ೨೦೧೮ರಲ್ಲಿ ಜಪಾನು ಒಪ್ಪಿಗೆ ಕೊಟ್ಟಿತು.

ಕುರಿಯ ಸಾಕ್ಷ್ಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೯೦ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನ ಸಂಶೋಧಕರು ಕುರಿಗಳ ಬಿಲ್ಲೆಯ ಹೊರಗಣಕವನ್ನು ಮಾತ್ರ ಸಣ್ಣದಾಗಿ ಕೊಯ್ದು, ತಿರುಳನ್ನು ಮುಟ್ಟದೆ ಬಿಟ್ಟರು. ಹೊರಗಿನ ಗಾಯಕ್ಕೆ ಕಲೆಗಟ್ಟಿತು. ಆದರೆ ತಿಂಗಳುಗಳು ಕಳೆದಂತೆ ಬಿರುಕು ಒಳಗೊಳಗೇ ಮುಂದುವರಿದು ತಿರುಳೂ ಕೆಟ್ಟಿತು. ಮೊಲಗಳ ಬಿಲ್ಲೆಗೆ ಸೂಜಿ ಚುಚ್ಚಿದರೂ ಇದೇ ಗತಿಯೆಂದು ಇತರ ಪ್ರಯೋಗಗಳಲ್ಲಿ ಕಂಡಿದೆ. ಇದು ಪ್ರಾಣಿಗಳ ಮಾತು, ನಮಗೇಕೆ ಎನ್ನುವಂತಿಲ್ಲ. ರೋಗಪತ್ತೆಗೆಂದು ಮನುಷ್ಯರ ಬಿಲ್ಲೆಗೆ ಸೂಜಿಯಿಂದ ಬಣ್ಣದ್ರವ ಚುಚ್ಚುವ ಪದ್ಧತಿಯೊಂದಿತ್ತು. ಅಂಥವರನ್ನು ಹತ್ತು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿದಾಗ, ಚುಚ್ಚಿಸಿಕೊಂಡ ಬಿಲ್ಲೆಗಳು ಉಳಿದವರವಕ್ಕಿಂತ ಹೆಚ್ಚು ಕೆಟ್ಟಿದ್ದುವೆಂದು ೨೦೦೯ರಲ್ಲಿ ಪ್ರಕಟವಾಯಿತು. ಮೊಲದ ಎಚ್ಚರಿಕೆ ಮನುಷ್ಯನಲ್ಲಿಯೂ ನಿಜವಾಯಿತು.

ಹಂದಿಯು ಹೇಳಿದುದು ಇನ್ನೂ ಆಶ್ಚರ್ಯಕರ. ಹೊರಬಂದ ಹೂರಣ ನರವನ್ನು ಒತ್ತುತ್ತದೆ, ಒತ್ತಿದುದರಿಂದ ನೋವು ಎಂಬುದು ಎಲ್ಲರ ನಂಬಿಕೆಯಾಗಿದ್ದಿತು. ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಓಲ್ಮಾರ್ಕರ್ ಮತ್ತು ಸಂಗಡಿಗರು ಹಂದಿಯ ಬಿಲ್ಲೆಯಿಂದ ಚೂರು ತಿರುಳನ್ನು ತೆಗೆದು, ಅದೇ ಹಂದಿಯ ನರಗಳ ಮೇಲೆ ಸವರಿದರು. ಒತ್ತಲಿಲ್ಲ, ಬಿಗಿಯಲಿಲ್ಲ, ಬರಿದೆ ಸವರಿದರು. ಆದರೂ ನರದಲ್ಲಿ ಸಂದೇಶ ಹರಿಯುವ ವೇಗ ಕುಗ್ಗಿತು, ನರದ ರಚನೆಯೇ ಕೆಟ್ಟಿತು. ೧೯೯೩ರ ಈ ಪ್ರಯೋಗದಿಂದ, ತಿರುಳು ಬರಿಯ ಭಾರವಲ್ಲ, ನರದ ಪಾಲಿಗೆ ಒಂದು ಬಗೆಯ ಖಾರವೂ ಹೌದು ಎಂದು ತಿಳಿಯಿತು. ದೇಹದ ಕಾವಲುಕಣಗಳು ಈ ತಿರುಳನ್ನು ಪರಕೀಯವೆಂದು ಬಗೆದು ಮುತ್ತುತ್ತವೆ, ಅದರಿಂದ ಉರಿಯೂತ. ವಿಚಿತ್ರವೆಂದರೆ, ಹೊರಬಿದ್ದ ತಿರುಳನ್ನು ತಿಂದು ಕರಗಿಸುವುದೂ ಈ ಕಾವಲುಕಣಗಳೇ. ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ತಿಂಗಳಲ್ಲಿ ಕಾಲುನೋವು ಇಳಿಯುವುದಕ್ಕೆ ಇದೊಂದು ಕಾರಣ. ನಮ್ಮ ತಂದೆಯವರಿಗೂ ಆರು ತಿಂಗಳಲ್ಲಿ ಇಳಿಯಿತು. ಮೂಟೆ ಹೊರುವ ಕೆಲಸ ಮಾತ್ರ ಹೋಯಿತು.

ಈ ಉರಿಯ ಮೂಲದಲ್ಲಿರುವ ಮುಖ್ಯ ರಾಸಾಯನಿಕವೊಂದನ್ನು ಅದೇ ಗೊಥೆನ್‌ಬರ್ಗಿನವರು ೧೯೯೮ರಲ್ಲಿ ಗುರುತಿಸಿದರು. ಅದನ್ನು ತಡೆಯುವ ಔಷಧಿ, ಕೀಲುವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮಾಬ್, ಆಗಲೇ ಸಿದ್ಧವಾಗಿದ್ದಿತು. ಪ್ರಾಣಿಗಳಲ್ಲಿ ಭರವಸೆ ಕಂಡಿತು. ಫಿನ್‌ಲೆಂಡಿನಲ್ಲಿ ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದಾಗಲೂ ನೋವು ಬೇಗ ಇಳಿಯಿತು. ಆದರೆ ಹುಸಿಮದ್ದಿನೊಡನೆ ಹೋಲಿಸಿ ಕ್ರಮವಾಗಿ ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದಾಗ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು. ಇಷ್ಟು ಚೆನ್ನಾಗಿ ಹೊಂದಿಕೊಂಡು ಬಂದ ತರ್ಕವು ಕೊನೆಯ ಮೆಟ್ಟಿಲಲ್ಲಿ ಏಕೆ ಎಡವಿತು?

ಒಂದು ಕಾರಣವನ್ನು ಪ್ರಾಣಿಗಳ ಬಿಲ್ಲೆಯಲ್ಲಿಯೇ ಕಾಣಬಹುದು. ಭ್ರೂಣಾವಸ್ಥೆಯಲ್ಲಿ ಬೆನ್ನಿನ ಉದ್ದಕ್ಕೂ ಇರುವ ದಂಡವೊಂದರಿಂದ ಬಂದ ಕೆಲವು ವಿಶೇಷ ಕಣಗಳು ತಿರುಳಿನಲ್ಲಿರುತ್ತವೆ. ತಿರುಳನ್ನು ಎಳೆಯದಾಗಿ ಇರಿಸುವುವು ಅವೇ. ಮನುಷ್ಯನಲ್ಲಿ ಅವು ಬಾಲ್ಯ ಕಳೆಯುವ ಹೊತ್ತಿಗೆ ಬಹುಮಟ್ಟಿಗೆ ಮಾಯವಾಗುತ್ತವೆ. ಇಲಿ, ಮೊಲ, ಹಂದಿಗಳಲ್ಲಿ ಪ್ರಾಯದಲ್ಲಿಯೂ ಉಳಿದಿರುತ್ತವೆ. ಅಂದಮೇಲೆ ಮೊಲದ ಗಾಯಗೊಂಡ ಬಿಲ್ಲೆಯನ್ನು ಗುಣಪಡಿಸಿದ ಔಷಧಿಯು ಐವತ್ತು ವರ್ಷದ ಹಮಾಲನ ಬಿಲ್ಲೆಯಲ್ಲಿ ಯಾರನ್ನು ಎಬ್ಬಿಸಬೇಕು? ಅಲ್ಲಿ ಎದ್ದೇಳುವವರೇ ಇಲ್ಲ. ಗಾತ್ರದ ಮಾತೂ ಇದೆ. ಇಲಿಯ ತೆಳು ಬಿಲ್ಲೆಗೆ ಆಹಾರ ಒಸರಿ ತಲಪುವುದು ಸುಲಭ. ಸೊಂಟದಲ್ಲಿ ಸುಮಾರು ಒಂದು ಸೆಂಟಿಮೀಟರು ದಪ್ಪವಿರುವ ನಮ್ಮ ಬಿಲ್ಲೆಯ ನಡುವಿಗೆ ಅದು ಬಲು ದೂರದ ಪಯಣ. ಕುತೂಹಲದ ಸಂಗತಿಯೆಂದರೆ, ಕಣಗಳನ್ನು ಬೇಗ ಕಳೆದುಕೊಳ್ಳುವುದರಲ್ಲಿ ನಮ್ಮನ್ನು ಹೋಲುವುದು ಆ ಗಿಡ್ಡಗಾಲಿನ ನಾಯಿಯೇ.

ಪ್ರಾಣಿಯು ನಾಲ್ಕು ಕಾಲಿನದು, ನಮ್ಮದು ನೆಟ್ಟನೆಯ ಬೆನ್ನು, ಹೋಲಿಕೆಯೆಲ್ಲಿ ಎಂದು ಮಿತ್ರನೊಬ್ಬನು ಕೇಳಿದನು. ಇದು ಎಲ್ಲರಿಗೂ ಹೊಳೆಯುವ ಆಕ್ಷೇಪಣೆ. ಆದರೆ ಅಷ್ಟು ಬಲವಾದುದಲ್ಲ. ಅಡ್ಡವಾಗಿರುವ ಬೆನ್ನು ಕುಸಿಯದಂತೆ ಸ್ನಾಯುಗಳು ಅದನ್ನು ಉದ್ದಕ್ಕೂ ಬಿಗಿದಿರುತ್ತವೆ. ಹೀಗಾಗಿ ಕುರಿಯ ಬಿಲ್ಲೆಯ ಮೇಲೂ ಅದುಮುವ ಭಾರ ಸಾಕಷ್ಟಿದೆ. ಈ ಆಕ್ಷೇಪಣೆಯನ್ನು ಅತಿಯಾಗಿ ಮನಸ್ಸಿಗೆ ಹಚ್ಚಿಕೊಂಡು, ೧೯೫೦ರ ದಶಕದಲ್ಲಿ ಇಲಿಮರಿಗಳ ಮುಂಗಾಲುಗಳನ್ನು ಕತ್ತರಿಸಿ ಎರಡು ಕಾಲಿನ ಮೇಲೆ ಬದುಕುವಂತೆ ಬೆಳೆಸಿದವರೂ ಉಂಟು. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆನು.

ಈ ವಿಷಯವನ್ನೆಲ್ಲ ತಂದೆಯವರಿಗೆ ಹೇಳುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಆ ಕುರಿಗಳಿಗೂ ನೋಯುತ್ತಿತ್ತೇನು?' ಮೇಲುನೋಟಕ್ಕೆ ಕರುಣೆಯ ಮಾತು. ಯೋಚಿಸಿದರೆ ಇಡೀ ವಿಷಯದ ತಿರುಳೇ ಅದು. ಮನುಷ್ಯರಲ್ಲಿ ಕೆಟ್ಟ ಬಿಲ್ಲೆಯೂ ನೋವೂ ಒಂದೇ ಅಲ್ಲ. ೧೯೯೪ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಲ್ಲದ ೯೮ ಮಂದಿಯ ಚಿತ್ರ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಬಿಲ್ಲೆ ಉಬ್ಬಿದ್ದಿತು. ಚಿತ್ರದಲ್ಲಿ ಕಾಣುವುದು ಬಿಲ್ಲೆ. ರೋಗಿ ಬಾಯಿಬಿಟ್ಟು ಹೇಳುವುದು ನೋವು. ಪ್ರಾಣಿಗೆ ಬಾಯಿಲ್ಲ. ಅದು ಕುಂಟುವುದನ್ನು ಅಳೆಯಬಹುದು, ಪಾದಕ್ಕೆ ನೂಲಿನಂಥ ಎಳೆ ತಾಗಿಸಿದಾಗ ಕಾಲನ್ನೆಳೆದುಕೊಳ್ಳುವುದೇ ಎಂದು ನೋಡಬಹುದು. ನೋವು ನಾಲ್ಕು ಆಣೆಯಷ್ಟು ಇಳಿಯಿತು, ಆದರೆ ರಾತ್ರಿ ನಿದ್ದೆಯಿಲ್ಲ ಎಂದು ಅದು ಹೇಳಲಾರದು. ಬಿಲ್ಲೆಯ ವಿಷಯದಲ್ಲಿ ಪ್ರಾಣಿ ಒಳ್ಳೆಯ ಸಾಕ್ಷಿ. ನೋವಿನ ವಿಷಯದಲ್ಲಿ ಅರ್ಧ ಸಾಕ್ಷಿ.

ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಇಂಥ ಪ್ರಯೋಗಗಳಿಗೆ ಕಟ್ಟಳೆ ಹಾಕಿದೆ. ಅರಿವಳಿಕೆ ಕೊಡಬೇಕು, ಅನಾವಶ್ಯಕ ನೋವು ಕೂಡದು ಎನ್ನುವುದರ ಜತೆಗೆ, ಮೊಲ, ಇಲಿ, ಕಪ್ಪೆಗಳಲ್ಲಿ ಅದೇ ಫಲ ದೊರೆಯುವುದಾದರೆ ದೊಡ್ಡ ಪ್ರಾಣಿಗಳನ್ನು ಬಳಸಬಾರದು ಎನ್ನುತ್ತದೆ. ಅದೇ ಫಲ ದೊರೆಯುವುದಾದರೆ! ಬಿಲ್ಲೆಯ ವಿಷಯದಲ್ಲಿ ತೊಡಕಿರುವುದು ಈ ಮಾತಿನಲ್ಲಿಯೇ. ಚಿಕ್ಕ ಪ್ರಾಣಿಯ ಬಿಲ್ಲೆ ಎಳೆಯದಾಗಿಯೇ ಉಳಿದು ನಮಗೆ ಹೊಂದದ ಉತ್ತರ ಕೊಟ್ಟರೆ, ನೂರು ಇಲಿಗಳ ಪ್ರಾಣ ಹೋದುದಷ್ಟೇ ಲಾಭ.

ಇದಕ್ಕೊಂದು ಬೇರೆ ದಾರಿಯನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಹಿಡಿದರು. ಆರೋಗ್ಯವಂತ ಪ್ರಾಣಿಗೆ ರೋಗ ತರಿಸುವುದಕ್ಕೆ ಬದಲು, ಆಗಲೇ ರೋಗದಿಂದ ಬಳಲುತ್ತಿರುವ ಸಾಕುನಾಯಿಗಳನ್ನು, ಒಡೆಯರ ಒಪ್ಪಿಗೆಯಿಂದ, ರೋಗಿಗಳನ್ನಾಗಿಯೇ ಕಂಡರು. ಅಪಘಾತದಿಂದಲೋ ಬಿಲ್ಲೆಯ ರೋಗದಿಂದಲೋ ಬೆನ್ನುಹುರಿ ಕೆಟ್ಟು, ಒಂದು ವರ್ಷಕ್ಕೂ ಮೇಲ್ಪಟ್ಟು ಹಿಂಗಾಲು ಎಳೆಯುತ್ತಿದ್ದ ೩೪ ನಾಯಿಗಳು, ಡ್ಯಾಶ್‌ಹುಂಡುಗಳೂ ಅವುಗಳಲ್ಲಿದ್ದುವು. ಅವುಗಳದೇ ಮೂಗಿನ ಒಳಪದರದಿಂದ ಕಣಗಳನ್ನು ತೆಗೆದು ಬೆಳೆಸಿ, ೨೩ ನಾಯಿಗಳ ಬೆನ್ನುಹುರಿಗೆ ಚುಚ್ಚಿದರು. ಉಳಿದ ೧೧ಕ್ಕೆ ಬರಿಯ ದ್ರವವನ್ನು ಚುಚ್ಚಿದರು. ಯಾವುದಕ್ಕೆ ಯಾವುದೆಂದು ಒಡೆಯರಿಗಾಗಲಿ ಪರೀಕ್ಷಕರಿಗಾಗಲಿ ತಿಳಿಸಿರಲಿಲ್ಲ. ೨೦೧೨ರಲ್ಲಿ ಫಲ ಹೊರಬಂದಿತು. ಕಣಗಳನ್ನು ಪಡೆದ ನಾಯಿಗಳು ಯಂತ್ರದ ಪಟ್ಟಿಯ ಮೇಲೆ ನಡೆಯುವಾಗ ಮುಂಗಾಲು ಹಿಂಗಾಲುಗಳ ಹೆಜ್ಜೆ ಮೊದಲಿಗಿಂತ ಹೊಂದಿಕೊಂಡು ಬೀಳುತ್ತಿದ್ದುವು. ಮಿದುಳಿಗೂ ಹಿಂಗಾಲಿಗೂ ನಡುವಿನ ಉದ್ದದ ಸಂಪರ್ಕ ಮಾತ್ರ ಮರಳಲಿಲ್ಲ. ಮೂತ್ರದ ಹತೋಟಿಯಲ್ಲಿಯೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ನಾಯಿಗಳು ಪ್ರಯೋಗಶಾಲೆಯ ಗೂಡುಗಳವಲ್ಲ. ಪರೀಕ್ಷೆ ಮುಗಿದ ಮೇಲೆ ತಮ್ಮ ತಮ್ಮ ಮನೆಗಳಿಗೆ ಹೋದುವು.